ಅಚ್ಚು

ದುರ್ಗಿಗುಡಿಯ ಓಣಿಯಲ್ಲಿ ನನ್ನದು ಹಲ್ಲು ಕಟ್ಟುವ ಅಂಗಡಿ.
ಮೂವತ್ತೊಂದು ವರ್ಷ. ಬರುವವರೆಲ್ಲ
ಅಗಿದು ಮುಗಿಸಿದವರು.
ಪೆಟ್ಟಿಗೆಯಲ್ಲಿ ಅಳತೆಗಳಿವೆ, ಬಣ್ಣಗಳಿವೆ,
ಎಲೆಅಡಿಕೆಯ ಕಲೆಗೂ ಹೊಂದುವ ಒಂದು ಹಳದಿಯಿದೆ.
ಒಂಬತ್ತು ವರ್ಷದ ಬಾಯಿಗೆ ಮಾತ್ರ
ಏನೂ ಇರಲಿಲ್ಲ.

ಕುಂಸಿಯಲ್ಲಿ ಪಂಕ್ಚರ್ ಹಾಕುವ ಹಾಲೇಶನ ಮಗಳು
ಇಂಪನ.
ಮೊದಲೊಂದು ಹಲ್ಲು ಅಲುಗಿತಂತೆ,
ಬೀಳುವ ವಯಸ್ಸೇ ಅಲ್ಲವೆ, ಬಿತ್ತು.
ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದರು.
ಪಕ್ಕದ್ದೂ ಅಲುಗಿತು. ಅದನ್ನೂ ಎಸೆದರು.
ಕೆನ್ನೆ ಮಾತ್ರ ಇಳಿಯಲಿಲ್ಲ.
ಮಂಗನಬಾವು ಅಂದರು, ಏನೋ ಅರೆದು ಹಚ್ಚಿದರು,
ಎರಡು ತಿಂಗಳು ಹೋಯಿತು.
ಆ ಎರಡು ತಿಂಗಳ ವಾರಗಳನ್ನು ತಾಯಿ ತಾರಾಕ್ಷಿ
ಈಗಲೂ ಬೆರಳಲ್ಲಿ ಎಣಿಸುತ್ತಾಳೆ,
ಬೆರಳು ಮುಗಿದರೆ ಮೊದಲಿನಿಂದ.

ಡಾಕ್ಟರ್ ವಾರಿಜ ಚಿತ್ರವನ್ನು ಕಿಟಕಿಗೆ ಹಿಡಿದರು.
ಮೂಳೆಯ ಅಂಚಿನಿಂದ ಹೊರಟ ಸಣ್ಣ ಸಣ್ಣ ಗೆರೆ,
ಒಂದನೇ ಕ್ಲಾಸಿನವರು ಬಿಡಿಸುವ ಸೂರ್ಯನ ಹಾಗೆ.
"ಮೂಳೆಯ ಕ್ಯಾನ್ಸರು. ಕಾಲಲ್ಲಿ ನೋಡಿದ್ದೇನೆ.
ದವಡೆಯಲ್ಲಿ, ಅದೂ ಇಷ್ಟು ಚಿಕ್ಕವರಲ್ಲಿ,
ನನ್ನ ಸರ್ವಿಸಿನಲ್ಲೇ ಇದು ಎರಡನೆಯದು."
ಮೊದಲನೆಯದು ಏನಾಯಿತೆಂದು ನಾನು ಕೇಳಲಿಲ್ಲ.
ಹಾಲೇಶ ಕೇಳಿದ.
ಅವರು ಸುಳ್ಳು ಹೇಳಲಿಲ್ಲ.

ಹತ್ತು ವಾರ ಔಷಧಿ, ಬಾಟಲಿಯಿಂದ ತೊಟ್ಟು ತೊಟ್ಟು.
ಬಸ್ಸಿನಲ್ಲಿ ಬಕೆಟ್ ಹಿಡಿದು ಬಂದರು, ಬಕೆಟ್ ಹಿಡಿದು ಹೋದರು.
ಕಂಡಕ್ಟರ್ ಮುಂದಿನ ಸೀಟು ಬಿಡಿಸಿಡುತ್ತಿದ್ದ,
ಯಾಕೆಂದು ಯಾರೂ ಹೇಳಿರಲಿಲ್ಲ.

ಆಮೇಲೆ ಡಾಕ್ಟರು ನನ್ನ ಅಂಗಡಿಗೇ ಬಂದರು,
ಕೈಯಲ್ಲೊಂದು ರಟ್ಟಿನ ಡಬ್ಬ.
ಯಂತ್ರ ಪದರ ಪದರವಾಗಿ ಇಳಿಸಿದ ಬಿಳಿ ದವಡೆ.
ಎಡಗಡೆಯ ಆರೋಗ್ಯವನ್ನೇ ಕನ್ನಡಿಯಲ್ಲಿ ತಿರುವಿ
ಬಲಕ್ಕೆ ಜೋಡಿಸಿದ್ದು.
"ಇದರ ಮೇಲೆ ಪಟ್ಟಿ ಬಗ್ಗಿಸಬೇಕು. ನಿಮ್ಮ ಕೈ ನನಗಿಂತ ನಿಧಾನ."
ರಾತ್ರಿ ಹನ್ನೊಂದರವರೆಗೆ ಇಬ್ಬರೂ ಇಕ್ಕಳ ಹಿಡಿದು ಕೂತೆವು.
ಲೋಹ ಒಂದು ಸಲ ಒಪ್ಪುತ್ತದೆ, ಎರಡು ಸಲ ಒಪ್ಪುತ್ತದೆ,
ಮೂರನೆಯ ಸಲ ಬಗ್ಗಿಸಿದರೆ
ಒಳಗೇ ಸಿಟ್ಟಾಗುತ್ತದೆ.

ಮೊಣಕಾಲಿನ ಕೆಳಗೆ ಎರಡು ಮೂಳೆ.
ದಪ್ಪನೆಯದು ಭಾರ ಹೊರುತ್ತದೆ,
ತೆಳ್ಳಗಿನದು ಜೊತೆಗೆ ನಡೆಯುತ್ತದೆ.
ಆ ಜೊತೆಗಾರನನ್ನು ರಕ್ತನಾಳ ಸಮೇತ ತೆಗೆದು
ಮೂರು ತುಂಡು ಮಾಡಿ, ಮೂಲೆ ಕೂಡಿಸಿ
ದವಡೆ ಕಟ್ಟುತ್ತಾರಂತೆ.
ಹಾಲೇಶನಿಗೆ ತಕ್ಷಣ ತಿಳಿಯಿತು:
"ಅದೇ ಟ್ಯೂಬಿನ ರಬ್ಬರು ಕೊಯ್ದು ಅದಕ್ಕೇ ತೇಪೆ ಅನ್ನಿ."
ಬೋಳು ತಲೆಗೆ ಟವೆಲು ಸುತ್ತಿದ ಇಂಪನ
ಬಿಳಿ ದವಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.
"ಅಂದ್ರೆ ನಾನಿನ್ನು ಕಾಲಲ್ಲಿ ಊಟ ಮಾಡೋದಾ?"
ಯಾರೂ ಮಾತಾಡಲಿಲ್ಲ.
"ಅನ್ನಕ್ಕೆ ಕಾಲು ತಾಗಿದ್ರೆ ಕಣ್ಣಿಗೊತ್ಕೋ ಅಂತಾಳೆ ಅಜ್ಜಿ.
ಪ್ರತಿ ತುತ್ತಿಗೂ ಒತ್ಕೋಬೇಕಾ?"
ಡಾಕ್ಟರಿಗೆ ನಗು ಬಂತು, ತಡೆಯಲಾಗಲಿಲ್ಲ.
ನಾನು ಪ್ಲಾಸ್ಟರ್ ಬಟ್ಟಲು ತೊಳೆಯುವ ನೆಪದಲ್ಲಿ
ನಲ್ಲಿ ಜೋರಾಗಿ ಬಿಟ್ಟೆ.

ಹನ್ನೊಂದು ಗಂಟೆ. ಬಾಯಿಗೊಂದು ತಂಡ, ಕಾಲಿಗೊಂದು ತಂಡ.
ಅವತ್ತು ನಾನು ಅಂಗಡಿ ತೆರೆದೆ, ಒಂದೂ ಹಲ್ಲು ಕೂರಲಿಲ್ಲ.

ಮತ್ತೆ ಔಷಧಿ. ಮತ್ತೆ ಬಕೆಟ್ಟು.
ತುಟಿಗೆ ಜೋಮು, ಪ ಬ ಮ ಮೂರೂ ಜಾರುತ್ತಿದ್ದವು,
ಅವಳ ಹೆಸರೇ ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ.
ಕುಂಟೆಬಿಲ್ಲೆಯಲ್ಲಿ ಬಲಗಾಲು ಊರಿ ಎಡಗಾಲು ಎತ್ತುತ್ತಿದ್ದಳು,
ಮೊದಲು ತಿರುಗುಮುರುಗಾಗಿತ್ತು.

ಒಂದೂಮುಕ್ಕಾಲು ವರ್ಷದ ಮೇಲೆ ನನ್ನ ಸರದಿ.
ಮುದುಕರ ಹಲ್ಲುಗಳನ್ನೇ ತೇದು ತೇದು
ಐದು ಚಿಕ್ಕದು ಮಾಡಿದೆ.
ಎಡದವಡೆ ಬೆಳೆಯುತ್ತದೆ, ಕಾಲಿನದು ಅಷ್ಟು ಬೆಳೆಯುವುದಿಲ್ಲ,
ಮತ್ತೆ ಮಾಡಬೇಕಾಗುತ್ತದೆ.
ಮೂರು ತಿಂಗಳಿಗೊಮ್ಮೆ ಶ್ವಾಸಕೋಶದ ಚಿತ್ರ.
ಅದರ ಹಿಂದಿನ ರಾತ್ರಿ ಆ ಮನೆಯಲ್ಲಿ ದೀಪ ಆರುವುದಿಲ್ಲ.
ಮುಂದಿನದು ಬುಧವಾರ.

ತಾರಾಕ್ಷಿ ಡಬ್ಬಿ ತೆರೆದಳು, ಮೊಸರವಲಕ್ಕಿ.
ಇಂಪನ ಬಲಗಡೆಗೇ ತಳ್ಳಿಕೊಂಡು ಅಗಿದಳು,
ನನ್ನನ್ನೇ ನೋಡುತ್ತ,
ಬೇಕೆಂದೇ ಕೈ ಎತ್ತಿ ಕಣ್ಣಿಗೊತ್ತಿಕೊಂಡಳು.
ಎರಡನೆಯ ತುತ್ತಿಗೂ.
ಮೂರನೆಯದಕ್ಕೂ.
ನಾಲ್ಕನೆಯದಕ್ಕೆ ಮರೆತಳು.