ಕೆಂಡದ ಲೆಕ್ಕ

ಕಪ್ಪತಗುಡ್ಡದ ನೆತ್ತಿ ಮ್ಯಾಲೆ ಕಂಪನಿ ಪಂಖಗಳು
ಹಗಲೂ ರಾತ್ರಿ ತಿರುಗತಾವ.
ನಮ್ಮ ಗಾಳಿ ತಿಂದು ಹುಟ್ಟಿದ ಕರೆಂಟು
ನಮ್ಮ ತಲಿ ಮ್ಯಾಲಿನ ತಂತಿಗುಂಟ
ಮಾತಾಡಸದ ಹೋಗತೈತಿ,
ಶ್ರೀಮಂತ ಬೀಗರ ಹಂಗ.

ಕೆಳಗ ನಾವು, ಇಪ್ಪತ್ಮೂರು ಮನಿ.
ಮಾಗಿ ಚಳಿಗೆ ಎಮ್ಮಿ ಬೆನ್ನಿಗೂ ಗೋಣಿತಟ್ಟು.

ನಮ್ಮವ್ವ ಹೇಳತಿದ್ಲು:
ಒಲಿ ಆರಿದ ಮುಂಜಾನೆ
ಕುಳ್ಳಿನ ತುಂಡು ಹಿಡಕೊಂಡು ಮಗ್ಗಲ ಮನಿಗೆ ಹೋದ್ರ
ಒಂದು ಕೆಂಡ ಇಟ್ಟು ಕಳಸತಿದ್ರಂತ.
ಕೊಟ್ಟವರ ಒಲಿ ಸಣ್ಣದಾಗಲಿಲ್ಲ,
ತಂದವರು ತಿರುಗಿ ಕೊಡಲಿಲ್ಲ,
ಯಾರೂ ಬರದಿಡಲಿಲ್ಲ.

ನಾ ಬರೀತೀನಿ.
ಹಳೇ ಸೊಸೈಟಿ ಗೋದಾಮಿನಾಗ ಹದಿನಾರು ಬ್ಯಾಟರಿ,
ತಗಡಿನ ಮ್ಯಾಲೆ ಬಿಸಿಲಿನ ಹಲಗಿ,
ದಿಬ್ಬದಾಗ ನಮ್ಮದ ಒಂದು ಗಿಡ್ಡ ಪಂಖ,
ಆಷಾಢದಾಗ ಹುಚ್ಚು ಹಿಡದಂಗ ದುಡೀತೈತಿ,
ಮಾಗ್ಯಾಗ ಮುನಿಸಿಕೊಳ್ಳತೈತಿ.
ಕೀಲಿ ನನ್ನ ಸೆರಗಿಗೆ.
ಮೌಲಾಬಿಯ ಹೊಲಿಗಿ ಮಷೀನು ಅರ್ಧ ಯೂನಿಟ್ಟು.
ಗಿರಣಿ ಮೂರು. ಅದು ತಿರುಗೂ ಮುಂದ
ಊರಿನ ಬಲ್ಬೆಲ್ಲಾ ತೂಕಡಸತಾವ.
ಬಿಷ್ಟಪ್ಪನ ಟೀವಿಗೆ ಹಾಳಿ ಸಾಲದು.
ಮೊದಲನೇ ವರ್ಷ ಇಲ್ಲಿ
ಕರೆಂಟಿಗಿಂತ ಜಗಳಾನ ಹೆಚ್ಚು ಹುಟ್ಟಿತು.

ಪುಷ್ಯದ ಒಂದು ರಾತ್ರಿ. ಮೂರು ದಿನದ ಮೋಡ,
ಬ್ಯಾಟರ್ಯಾಗ ಉಳಿದದ್ದು ಎರಡ ಗೀಟು.
ದಾವಲಸಾಬನ ಸೊಸಿಗೆ ಬ್ಯಾನಿ,
ಆಂಬುಲೆನ್ಸು ಮುಂಡರಗಿ ಬಿಟ್ಟೈತಿ ಅಂತ ಫೋನು.
ನಾ ಮನಿಮನಿಗೆ ಹೋಗಿ ಹೇಳೂದರೊಳಗ
ದೀಪ ಒಂದೊಂದ ಆರಿದ್ವು.
ಒಂದು ಮನಿ ಕತ್ತಲಾದ್ರ ಮಗ್ಗಲ ಮನಿಗೆ ತಿಳೀತೈತಿ.

ಬಿಷ್ಟಪ್ಪನ ಟೀವ್ಯಾಗ ಮಾತ್ರ ಕಬಡ್ಡಿ.
ಬಾಗಿಲಾ ಬಡದೆ.
"ಕಡೇ ಎರಡು ನಿಮಿಷ ಅದಾವ" ಅಂದ.
"ಆ ಹುಡಿಗಿಗೂ ಅಷ್ಟ ಇರಬೇಕು" ಅಂದೆ.
ಗೆದ್ದವರು ಯಾರಂತ ನೋಡದ ಆರಿಸಿದ.

ಹನಮವ್ವ ಕೋಳಿಮರಿ ಬೆಚ್ಚಗಿಡೋ ದೊಡ್ಡ ಬಲ್ಬು ತಂದಳು,
ಮರಿಗಳನ್ನ ಕುಪ್ಪಸದ ಬುಟ್ಟ್ಯಾಗ ಹಾಕಿ
ತನ್ನ ಕೌದಿಯೊಳಗ ಇಟಗೊಂಡಳು.
ಆಂಬುಲೆನ್ಸಿನಕಿಂತ ಮೊದಲ ಬಂತು
ಕೂಸಿನ ದನಿ.

ಬೆಳಿಗ್ಗೆ ಪುಸ್ತಕ ತಗದೆ.
ಮೀಟರು ಹೇಳಿದ್ದು ಒಂದೂವರಿ ಯೂನಿಟ್ಟು.
ಸರಿ, ದಾವಲಸಾಬನ ಖಾತೆ.
ಇಪ್ಪತ್ತೆರಡು ಮನಿಯ ಕತ್ತಲಿ
ಯಾವ ಖಾತೆಗೆ ಬರೀಲಿ?
ಪೆನ್ನಿನ ತುದಿ ಕಚಗೊಂಡು ಕುಂತೆ.

ಹೊರಗ ಮೋಡ ಹರದಿತ್ತು.
ತಗಡಿಗೆ ನಿಚ್ಚಣಿಕಿ ಹಚ್ಚಿದ ಸಪ್ಪಳ.
ಬಿಷ್ಟಪ್ಪ. ಏನೂ ಅನ್ನದ
ಧೋತರದ ಚುಂಗಿನಿಂದ
ಹಲಗಿ ಮ್ಯಾಲಿನ ಇಬ್ಬನಿ ವರಸಾಕ ಹತ್ತಿದ್ದ.

ಇವತ್ತು ಅವನ ಪಾಳಿ ಅಲ್ಲ.