ಸೀಸ, ಸೀಸೆ

ಹಗಲಿಡೀ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಮಾರುತ್ತೇನೆ,
ರಾತ್ರಿ ಶೆಡ್ಡಿನಲ್ಲಿ ಕೂತು ಬಣ್ಣ ತೆಗೆಯುತ್ತೇನೆ.
ಡೆಲ್ವಿನ್, ನಿನಗೆ ಬೇರೆ ಕಸುಬಿಲ್ಲವೇ ಅಂತ
ಬ್ರೋಕನ್ ಹಿಲ್‌ನಲ್ಲಿ ಕೇಳದವರಿಲ್ಲ.

ಎಲ್ವೀ ಟ್ರೆಂಗೋವ್ ತೀರಿಕೊಂಡು ಮನೆ ಸಾಮಾನು ಹರಾಜಾದಾಗ
ಜನ ಪಿಯಾನೋ ನೋಡಿದರು, ಹೊಲಿಗೆ ಯಂತ್ರ ನೋಡಿದರು.
ನಾನು ನೋಡಿದ್ದು ನೆಲ.
ಗೇಟಿನಿಂದ ಬಾಗಿಲ ತನಕ ಎರಡು ಸಾಲು,
ಕತ್ತು ಮಣ್ಣೊಳಗೆ, ಕುಂಡೆ ಆಕಾಶಕ್ಕೆ,
ಹನ್ನೆರಡು ಸೀಸೆ.
ಮೈಗೆಲ್ಲ ಕಾವಿ ಬಣ್ಣ, ಈ ಊರ ಮಣ್ಣಿನದೇ ಕೆಂಪು,
ಇವೆಯೋ ಇಲ್ಲವೋ ಅನ್ನುವ ಹಾಗೆ.
ನಲವತ್ತು ಡಾಲರಿಗೆ ಕೊಟ್ಟರು. ನೀನೇ ಅಗೆದುಕೋ ಅಂದರು.

ಅಗೆದೆ. ಕೊಡವಿದೆ. ಕೊರಳಲ್ಲಿ ಗೋಲಿ ಕುಲುಕಿತು.
ಗೋಲಿ ಸೋಡಾ ಸೀಸೆ! ಮಣ್ಣು ಕಾಪಾಡಿದ ಕತ್ತಿಗೆ
ಬಣ್ಣವಿಲ್ಲ; ಅಲ್ಲಿ ಗಾಜು ತಿಳಿಹಸಿರು,
ನಾನು ಎರಡೇ ಸಲ ಕಂಡ ಕಡಲಿನ ಹಾಗೆ.
ಅಡಿಲೇಡಿನ ಬ್ಯಾರಟ್ ಫೋನಿನಲ್ಲೇ ಹೇಳಿದ:
ಉಬ್ಬಕ್ಷರ ಪೂರ್ತಿ ಓದುವಂತಿದ್ದರೆ ಒಂದಕ್ಕೆ ಇನ್ನೂರು,
ಗೀರು ಬಿದ್ದರೆ ಇಪ್ಪತ್ತೂ ಇಲ್ಲ.

ಆದ್ದರಿಂದ ಉಕ್ಕಿನ ನಾರು ಮುಟ್ಟಬಾರದು, ಬ್ಲೇಡು ಬೇಡ,
ಕುದಿನೀರು ಸುರಿದರೆ ಟಪ್ಪೆಂದು ಸೀಳುತ್ತದೆ,
ನೂರು ವರ್ಷದ ಗಾಜಿಗೆ ಮೂಗಿನ ತುದಿಯಲ್ಲೇ ಕೋಪ.
ಪ್ಲಾಸ್ಟಿಕ್ ಬಕೆಟ್ಟು, ತಣ್ಣೀರು, ನೀರಿಗೆ ಕಾಸ್ಟಿಕ್ ಸೋಡಾ;
ಸೋಡಾಗೆ ನೀರಲ್ಲ, ಚಿಮ್ಮುತ್ತದೆ,
ನನ್ನ ಮೊಣಕೈಯ ಕಲೆಯೇ ಸಾಕ್ಷಿ.
ಕೈಗವಸು. ಮುಚ್ಚಳ. ಆಮೇಲೆ ಕಾಯುವುದು.

ಕೆಂಪು ಒಂದೇ ರಾತ್ರಿಗೆ ಬಿಟ್ಟಿತು,
ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಜಾರಿತು.
ಕೆಳಗೆ ಬಿಳಿ.
ಬಿಳಿ ಬಿಡಲಿಲ್ಲ.
ಒಂದು ವಾರ. ಎರಡು ವಾರ. ಸೋಡಾ ಬದಲಿಸಿದೆ,
ಅಸಿಟೋನ್ ಒರೆಸಿದೆ, ಬೈದೆ.
ಹಳೆಯ ಸೀಸದ ಬಣ್ಣ ಅದು,
ಒಣಗಿದ್ದಾಗ ಕೆರೆದರೆ ಪುಡಿ ಎದೆಗಿಳಿಯುತ್ತದೆ;
ನೆನೆಸಿ ನೆನೆಸಿಯೇ ಹಲ್ಲುಕಡ್ಡಿ ಹಿಡಿದು
ಒಂದೊಂದು ಅಕ್ಷರದ ಸಂದಿಗೂ ಹೋಗಬೇಕು.
ಮೊದಲು ಎದ್ದು ಬಂದದ್ದು ಲಂಗರಿನ ಚಿತ್ರ.
ಮರಳುಗಾಡಿನ ಸೋಡಾಗೆ ಹಡಗಿನ ಗುರುತು!
ಒಬ್ಬಳೇ ನಕ್ಕೆ.

ನಗುವಾಗಲೇ ಚಕ್ಕೆಯೊಂದು ಇಡಿಯಾಗಿ ಕಿತ್ತು ಬಂತು.
ಅದರ ಅಂಚಿಗೆ ಭೂತಗನ್ನಡಿ ಹಿಡಿದೆ.
ಬಿಳಿ, ಧೂಳಿನ ಗೆರೆ, ಬಿಳಿ, ಧೂಳಿನ ಗೆರೆ, ಬಿಳಿ.
ಹತ್ತೊಂಬತ್ತು ಎಣಿಸಿದೆ, ಆಮೇಲೆ ಕಣ್ಣು ಸೋತಿತು.
ವರ್ಷಕ್ಕೊಂದು ಕೈ ಬಳಿದಿರಬೇಕು. ಮೇಲಿನ ಕೆಂಪು ಮಾತ್ರ
ಒಂದೇ ಕೈ, ಅವಸರದ್ದು,
ಬ್ರಷ್ಷಿನ ಕೂದಲು ಕಿತ್ತು ಅದರಲ್ಲೇ ಅಂಟಿತ್ತು.

ಪಕ್ಕದ ಮನೆಯ ಮುದುಕ ಸ್ಕೊರಿಚ್ ಬಕೆಟ್ಟಿಗೆ ಇಣುಕಿ ಅಂದ:
ಹೆಡ್ಲಿ ಟ್ರೆಂಗೋವ್‌ಗೆ ಗಣಿಯಲ್ಲಿ ರಾತ್ರಿ ಪಾಳಿ.
ಸಿಡಿಮದ್ದಿಗೆ ಒಂದು ಕಣ್ಣು ಮೊದಲೇ ಹೋಗಿತ್ತು,
ಇನ್ನೊಂದೂ ಅಷ್ಟಕ್ಕಷ್ಟೇ.
ದೀಪ ಹಚ್ಚಿಟ್ಟರೆ ಮಗು ಏಳುತ್ತದೆ.
ಬಿಳಿಯಾದರೆ ಚುಕ್ಕಿ ಬೆಳಕಿಗೂ ಕಾಣುತ್ತಿತ್ತು.
ಮತ್ತೆ ಕೆಂಪು? ಅಂದೆ.
ಅವನು ಹ್ಯಾಟು ಸರಿಮಾಡಿಕೊಂಡು
ಗಾಳಿ ಯಾವ ಕಡೆಗೆ ಬೀಸುತ್ತಿದೆ ಅನ್ನುವ ಮಾತು ತೆಗೆದ.

ಸೀಸ ಅಗೆಯುವವನಿಗೆ
ಸೀಸ ಬಳಿದ ಸೀಸೆ ದಾರಿ ತೋರುತ್ತಿತ್ತು.
ಅಷ್ಟೇ ನನಗೆ ಗೊತ್ತಾದದ್ದು.

ಹನ್ನೊಂದನ್ನು ತೊಳೆದೆ. ಹೌದು, ತೊಳೆದೆ.
ಒಳಗಿನ ಗುಳ್ಳೆಗಳ ಸಮೇತ ಬೆಳಗಿದವು.
ಬ್ಯಾರಟ್ ನೋಟು ಎಣಿಸಿದ, ನನ್ನ ಶೆಡ್ಡಿಗೆ ಹೊಸ ತಗಡು ಬಂತು.
ಹನ್ನೆರಡನೆಯದರ ಕೆಂಪನ್ನಷ್ಟೇ ತೆಗೆದು
ನನ್ನ ಮೆಟ್ಟಿಲ ಪಕ್ಕ ಹೂತೆ, ಕತ್ತು ಕೆಳಗೆ.
ನನ್ನ ಮನೆಗೆ ರಾತ್ರಿ ಬರುವವರು ಯಾರೂ ಇಲ್ಲ.

ನಿನ್ನೆ ಶೆಡ್ಡಿನ ದೀಪ ಆರಿಸಿ ಬರುವಾಗ
ಅದು ಕಂಡಿತು, ಚೆನ್ನಾಗಿಯೇ ಕಂಡಿತು.
ಆದರೂ ಎಡವಿದೆ.
ಹೆಬ್ಬೆರಳ ಉಗುರು ಕಪ್ಪಿಟ್ಟಿದೆ.
ಇವತ್ತು ಅಂಗಡಿಯಲ್ಲಿ ಕುಂಟುತ್ತ ಹೋಗಿ
ಬಿಳಿಯದೊಂದು ಸಣ್ಣ ಡಬ್ಬಿ
ನನ್ನ ಲೆಕ್ಕಕ್ಕೆ ಬರೆದಿಟ್ಟು ಬಂದೆ.