ತಳದ ಗಡ್ಡೆ

ಮೇ ತಿಂಗಳು. ಜಲಂಧರದ ಲಾರಿಗಳು
ಹಾಸನದ ಮಾರ್ಕೆಟ್ ಯಾರ್ಡಿನಲ್ಲಿ ಹಿಂಬದಿ ಬಿಚ್ಚಿ ನಿಂತಿರುತ್ತಿದ್ದವು.
ಅಪ್ಪ, ದಲ್ಲಾಳಿ ಬೋರಲಿಂಗಯ್ಯ,
ಚೀಲದ ಬಾಯಿಗೆ ಮೊಣಕೈವರೆಗೆ ತೋಳಿಳಿಸಿ
ಮೂರು ಆಲೂಗಡ್ಡೆ ತೆಗೆದು
ಒಂದನ್ನು ಹೆಬ್ಬೆರಳ ಉಗುರಲ್ಲಿ ಕೆರೆದು, ಮೂಸಿ,
ಬೆಲೆ ಹೇಳುತ್ತಿದ್ದ. ಇಡೀ ಲಾರಿಗೆ.

ನನ್ನ ಕೆಲಸವೂ ಅದೇ ಅಂದೆ ಒಮ್ಮೆ,
ಪಿಎಚ್.ಡಿ. ಮುಗಿಸಿ ಬಂದ ವರ್ಷ.
ಷರತ್ತುಗಳು ಅನಂತ. ಯಾವ ಹಿಡಿ ತೆಗೆದರೂ
ಆ ಹಿಡಿಯಷ್ಟನ್ನು ಒಪ್ಪುವ ಲೋಕ ಒಂದಿದೆ ಎಂದಾದರೆ
ಎಲ್ಲವನ್ನೂ ಒಟ್ಟಿಗೆ ಒಪ್ಪುವ ಲೋಕವೂ ಇದ್ದೇ ಇದೆ.
ಅಪ್ಪ ಬೀಡಿ ಆರಿಸಿದ.
'ತಳದಲ್ಲೊಂದು ಕೊಳ್ತಿದ್ರೆ?'
ಅಲ್ಲಿ ತಳ ಇಲ್ಲಪ್ಪ.
'ತಳ ಇಲ್ದಿರೋ ಚೀಲದಲ್ಲಿ ಏನವ್ವ ನಿಲ್ತದೆ?'

ಬೆಳಿಗ್ಗೆ ಬಿ.ಎಸ್ಸಿ. ಹುಡುಗರಿಗೆ ಕಲನಶಾಸ್ತ್ರ.
ಮಧ್ಯಾಹ್ನ ಹಾಜರಿ ಪುಸ್ತಕ. ಜನಗಣತಿಯ ವರ್ಷ
ಬೀದಿ ಬೀದಿಯ ಬಾಗಿಲ ಮೇಲೆ ನನ್ನ ಸೀಮೆಸುಣ್ಣದ ನಂಬರು.
ರಾತ್ರಿ ಹನ್ನೊಂದರ ಮೇಲೆ ಮಾಡೆಲ್ ಥಿಯರಿ:
ಅವವೇ ವಾಕ್ಯಗಳಿಗೆ ಹೌದು ಹೌದು ಎನ್ನುತ್ತ
ಒಂದನ್ನೊಂದು ಹೋಲದ ಎರಡು ಲೋಕ.
ಎಂಬತ್ತೇಳರಲ್ಲಿ ಮೂವತ್ತೊಂದು ಪುಟ
ಹೆಡ್ ಪೋಸ್ಟಾಫೀಸಿನಿಂದ ರಿಜಿಸ್ಟರ್ ಮಾಡಿ ಕಳಿಸಿದೆ.
ಅಚ್ಚಾಗಿ ಬಂತು. ಅಪ್ಪ ಓದಲಿಲ್ಲ,
ಅಂಗೈಯಲ್ಲಿಟ್ಟು ತೂಕ ನೋಡಿದ.

ಹನ್ನೊಂದು ವರ್ಷದ ಮೇಲೆ
ಪೋಲೆಂಡಿನ ಹುಡುಗನೊಬ್ಬನ ಕಾಗದ.
ಮಾನ್ಯ ಶ್ರೀ ಇಂದ್ರಕಲಾ ಅವರಿಗೆ,
ಪುಟ ಹತ್ತೊಂಬತ್ತು, ಸಾಲು ಆರು:
'ಇಂಥದೊಂದನ್ನು ಆಯ್ದುಕೊಳ್ಳೋಣ' ಎಂದಿದ್ದೀರಿ.
ಅದು ಇದೆಯೆಂದು ಹೇಗೆ ಗೊತ್ತು?

ನೋಡಿದೆ.
ಗೊತ್ತಿರಲಿಲ್ಲ.
ಗೋಣಿಯ ಅಡಿಯಿಂದ ಬರುವ ಆ ವಾಸನೆ
ಹನ್ನೊಂದು ವರ್ಷ ನನ್ನ ಮೂಗಿಗೇ ಬಡಿದಿರಲಿಲ್ಲ.

ಮೂರು ಬೇಸಿಗೆ ರಜೆ ಹೋಯಿತು. ಇಡೀ ಪ್ರಮೇಯ ಉಳಿಯಲಿಲ್ಲ.
ಮುಗಿಯದಿದ್ದರೂ ಒಂದು, ಎರಡು ಎಂದು
ಎಣಿಸುತ್ತ ಹೋಗಬಹುದಾದ ಭಾಷೆಗಳಿಗಷ್ಟೇ ನಿಂತಿತು.
ಆರು ಪುಟ.
ಈಗ ಅದು ಯಾರದೋ ಪ್ರಬಂಧದಲ್ಲಿ
ನಾಲ್ಕನೆಯ ಭಾಗದ ಮೂರನೆಯ ಉಪಪ್ರಮೇಯ,
ನನ್ನ ಹೆಸರಿನಲ್ಲಿ ಒಂದಕ್ಷರ ತಪ್ಪು.

ನಿವೃತ್ತಿಯಾದ ವರ್ಷ, ಶಾಂತಿಗ್ರಾಮದ ದಾರಿಯಲ್ಲಿ
ಬಸ್ಸು ಕೆಟ್ಟು ನಿಂತಿತು.
ಬದುವಿನ ಮೇಲೆ ಬಿತ್ತನೆಗೆ ಗಡ್ಡೆ ಕೊಯ್ಯುತ್ತಿದ್ದರು.
ಸುಮ್ಮನೆ ನಿಂತವಳ ಕೈಗೂ ಒಬ್ಬಳು ಚಾಕು ಕೊಟ್ಟಳು.
'ಹೋಳು ಚಿಕ್ಕದಾದ್ರೂ ಚಿಂತಿಲ್ಲ ಮೇಡಂ,
ಒಂದು ಕಣ್ಣಿರ್ಬೇಕು. ಇದ್ರೆ ಪೂರಾ ಗಿಡ ಬತ್ತದೆ.'
ಕೊಯ್ದೆ. ಒಂದಕ್ಕೆ ಕಣ್ಣು ಇತ್ತು,
ಇನ್ನೊಂದಕ್ಕೆ ಇರಲಿಲ್ಲ.
ಇದನ್ನೇನು ಮಾಡಲಿ, ಅಂದೆ.

ಅವಳು ತಲೆ ಎತ್ತಲಿಲ್ಲ.
'ಸಾರಿಗೆ.'